ದೊಡ್ಡ ಹೋಟೆಲ್ ಇಲ್ಲದ ಊರಿನ ಹೋಟೆಲಿನವರು

ಮೈಸೂರಿಗೆ ಹೋದರೆ ಲಲಿತಮಹಲ್ ಇದೆ. ಬೆಂಗಳೂರಿನಲ್ಲಿ ವೆಸ್ಟ್ ಎಂಡ್, ಮುಂಬೈಯಲ್ಲಿ ತಾಜ್, ಊಟಿಯಲ್ಲಿ ಸವಾಯ್. ಹಾಗಾದರೆ ಮಂಗಳೂರಿನಲ್ಲಿ ಯಾವುದು? ಹೊರಗಿನಿಂದ ಬಂದವರು ಹೀಗೆ ಕೇಳಿದರೆ ನನಗೆ ಹೇಳುವುದಕ್ಕೆ ಏನೂ ಸಿಗುವುದಿಲ್ಲ. ಸಮುದ್ರ ಇದೆ, ಎರಡು ನದಿ ಬಂದು ಸೇರುವ ಅಳಿವೆ ಇದೆ, 1907ರಲ್ಲೇ ರೈಲು ಬಂದಿದೆ. ಆದರೆ ಎತ್ತರದ ಕಂಬ, ಅಗಲದ ಮೆಟ್ಟಿಲು, ಬಾಗಿಲಲ್ಲಿ ಪೇಟ ಸುತ್ತಿದ ದರವಾನ, ಗೋಡೆಯಲ್ಲಿ ರಾಜರ ಫೋಟೋ ಇರುವ ನೂರು ವರ್ಷದ ಹೋಟೆಲ್ ಇಲ್ಲ. ಉಡುಪಿಯಲ್ಲೂ ಇಲ್ಲ.

ದೇಶದ ಯಾವ ಮೂಲೆಗೆ ಹೋದರೂ ಹೋಟೆಲಿನ ಗಲ್ಲಾದಲ್ಲಿ ಕೂತವರು ಮಾತ್ರ ನಮ್ಮೂರಿನವರು. ವಿಚಿತ್ರ ಅಲ್ವಾ?

ವಿಚಿತ್ರ ಏನೂ ಇಲ್ಲ ಅಂತ ಈಚೆಗೆ ಅನಿಸುತ್ತಿದೆ. ದೊಡ್ಡ ಹೋಟೆಲುಗಳ ಇತಿಹಾಸ ಓದುತ್ತಾ ಹೋದರೆ ಒಂದು ವಿಷಯ ಮತ್ತೆ ಮತ್ತೆ ಎದುರಾಗುತ್ತದೆ. ಹೋಟೆಲ್ ಕಟ್ಟುವುದು ದುಡ್ಡಿದ್ದವರು ಬಂದು ಕೂರುವ ಊರಿನಲ್ಲಿ. ಅದನ್ನು ನಡೆಸುವವರು ಬರುವುದು ದುಡ್ಡಿಲ್ಲದೆ ಜನ ಹೊರಟುಹೋಗುವ ಊರಿನಿಂದ. ನಮ್ಮದು ಎರಡನೆಯ ಜಾತಿಯ ಊರು.

ಮೊದಲು ಬಂದು ಕೂರುವವರ ಕತೆ ನೋಡೋಣ. ಫ್ರಾನ್ಸಿನ ದಕ್ಷಿಣ ತೀರದ ನೀಸ್ ಎಂಬ ಊರು ಇದಕ್ಕೆ ಒಳ್ಳೆಯ ಉದಾಹರಣೆ. ಚಳಿಗಾಲದಲ್ಲಿ ಇಂಗ್ಲೆಂಡಿನ ಮಂಜು, ಕೆಮ್ಮು ತಾಳಲಾರದ ಶ್ರೀಮಂತರು ಅಲ್ಲಿಗೆ ಬಿಸಿಲು ಕಾಯಿಸಲು ಹೋಗುತ್ತಿದ್ದರು. ಸಮುದ್ರದ ಪಕ್ಕ ಅವರು ಓಡಾಡಲಿ ಎಂದು ಮಾಡಿದ ದಾರಿಗೆ ಇಂದಿಗೂ ಇಂಗ್ಲಿಷರ ಹೆಸರೇ ಇದೆ. 1864ರಲ್ಲಿ ರೈಲು ಬಂತು. ಆಮೇಲೆ ಹೋಟೆಲುಗಳ ಸಾಲೇ ಎದ್ದಿತು. ವಿಕ್ಟೋರಿಯಾ ರಾಣಿ 1897ರಿಂದ ಮೂರು ವರ್ಷ ಬಂದು ಉಳಿದ ರೆಜಿನಾ ಹೋಟೆಲ್ ಅಲ್ಲಿಯದೇ. ಆಗ ಸೀಸನ್ ಅಂದರೆ ಚಳಿಗಾಲ. ಬೇಸಿಗೆಯಲ್ಲಿ ಹೋಟೆಲಿಗೆ ಬೀಗ. ಬೇಸಿಗೆಯಲ್ಲಿ ಸಮುದ್ರಕ್ಕೆ ಹೋಗುವ ಹುಚ್ಚು ಅವರಿಗೆ ಹಿಡಿದದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ.

ಊಟಿಯದ್ದೂ ಇದೇ ಕತೆ, ತಿರುಗಿಸಿ ಹಾಕಿದ್ದು ಅಷ್ಟೆ. ಇಲ್ಲಿ ಓಡಿಹೋಗಬೇಕಾಗಿದ್ದು ಸೆಕೆಯಿಂದ. ಮದರಾಸು ಸರಕಾರ ಬೇಸಿಗೆ ಬಂತೆಂದರೆ ಫೈಲು, ಗುಮಾಸ್ತರ ಸಮೇತ ಬೆಟ್ಟ ಹತ್ತುತ್ತಿತ್ತು. ಗವರ್ನರ್ ಹೋದಲ್ಲಿಗೆ ಅಧಿಕಾರಿಗಳು, ಅವರ ಹಿಂದೆ ರಾಜರು, ಜಮೀನ್ದಾರರು, ವಕೀಲರು. ಇಷ್ಟು ಜನಕ್ಕೆ ಮಲಗಲು ಜಾಗ ಬೇಕಲ್ಲ. ಸವಾಯ್ ಹೋಟೆಲಿನ ಕಟ್ಟಡದ ಕತೆ 1829ರಷ್ಟು ಹಿಂದಕ್ಕೆ ಹೋಗುತ್ತದೆ. 1908ರಲ್ಲಿ ಪುಟ್ಟ ರೈಲು ಊಟಿಯವರೆಗೆ ಹತ್ತಿತು. ನೆನಪಿಡಿ, ಆಗ ಮಂಗಳೂರು, ಉಡುಪಿ ಎಲ್ಲ ಮದರಾಸಿಗೇ ಸೇರಿದ್ದವು. 1956ರವರೆಗೂ ಹಾಗೆಯೇ ಇತ್ತು. ಅಂದರೆ ಊಟಿ ನಮ್ಮ ಸರಕಾರದ್ದೇ ಬೇಸಿಗೆ ರಾಜಧಾನಿ. ನಮ್ಮ ಜಿಲ್ಲೆಯಿಂದಲೂ ಜನ ಅಲ್ಲಿಗೆ ಹೋಗುತ್ತಿದ್ದರು, ಕೆಲವರು ರೂಮು ಹಿಡಿಯಲು, ಜಾಸ್ತಿ ಜನ ರೂಮು ಗುಡಿಸಲು.

ಮಂಗಳೂರಿಗೆ ಹಾಗೆ ಬಂದು ಕೂರಲು ಯಾರಿಗೆ ಏನು ಗರಜಿತ್ತು? ಹಳೇ ಬಂದರು ಮಳೆಗಾಲದಲ್ಲಿ ಮುಚ್ಚಿಬಿಡುತ್ತಿತ್ತು. ದೊಡ್ಡ ಹಡಗು ಅಳಿವೆಯ ಒಳಗೆ ಬರುವಂತೆಯೇ ಇರಲಿಲ್ಲ. ಹೊರಗೆ ಲಂಗರು ಹಾಕಿ, ಸರಕನ್ನು ದೋಣಿಗೆ ಇಳಿಸಿ ದಡಕ್ಕೆ ತರಬೇಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುವ ಊರಿದು. ಆ ನಾಲ್ಕು ತಿಂಗಳಲ್ಲಿ ಒಗೆದ ಬಟ್ಟೆಯೂ ಒಣಗುವುದಿಲ್ಲ. ಮಳೆ ನಿಂತ ಮೇಲೆ ಸೆಕೆ. ಬಿಳಿಯರು ತಪ್ಪಿಸಿಕೊಂಡು ಓಡುತ್ತಿದ್ದದ್ದೇ ಇಂಥ ಊರುಗಳಿಂದ.

ಸಮುದ್ರದ ದಡದಲ್ಲಾದರೂ ಒಂದು ಕಟ್ಟಬಹುದಿತ್ತಲ್ಲ ಅಂದರೆ, ಉಳ್ಳಾಲದವರನ್ನು ಕೇಳಿ ನೋಡಿ. ಜೂನ್ ಬಂತೆಂದರೆ ಕಡಲ್ಕೊರೆತ. ತೆಂಗಿನಮರ, ರಸ್ತೆ, ಮನೆಯ ಅಂಗಳ, ಕೊನೆಗೆ ಮನೆಯೇ ಹೋಗುತ್ತದೆ. ನೀಸಿನ ಸಮುದ್ರದ ಮುಂದೆ ಕುರ್ಚಿ ಹಾಕಿ ಕೂರಬಹುದು. ನಮ್ಮ ಕಡಲು ಜುಲೈ, ಆಗಸ್ಟ್ ಹೊತ್ತಿನ ಆಟಿ ತಿಂಗಳಲ್ಲಿ ಆ ಕುರ್ಚಿಯನ್ನೂ ತೆಗೆದುಕೊಂಡು ಹೋಗುತ್ತದೆ. ಈಚೆಗೆ ಎಲ್ಲರೂ ಬೀಚು ಬೀಚು ಅನ್ನುವ ಹೊತ್ತಿಗೆ ಕರಾವಳಿ ನಿಯಂತ್ರಣ ವಲಯದ ನಿಯಮ ಬಂದಾಗಿತ್ತು. 1991ರ ಆ ನಿಯಮದಿಂದ ಉಬ್ಬರದ ನೀರು ಬಂದು ಮುಟ್ಟುವ ಭರತರೇಖೆಯ ಹತ್ತಿರ ಕಟ್ಟುವುದು ಕಷ್ಟವಾಯಿತು. ನಿಯಮ ಬಂದದ್ದು ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ. ಗೋವಾ ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಇನ್ನು ಬರುವವರು ಯಾರೂ ಇರಲಿಲ್ಲ ಅಂತಲ್ಲ. ಈ ಊರಿಗೆ ಪರದೇಶದವರು ಹೊಸಬರಲ್ಲ. 14ನೇ ಶತಮಾನದಲ್ಲಿ ಮೊರಾಕ್ಕೋದ ಯಾತ್ರಿಕ ಇಬ್ನ್ ಬತೂತ ಬಂದಾಗ ಇಲ್ಲಿ ಪರ್ಷಿಯಾ, ಯೆಮನ್ ಕಡೆಯ ವ್ಯಾಪಾರಿಗಳು ಇಳಿಯುವುದನ್ನು, ಕಾಳುಮೆಣಸು, ಶುಂಠಿ ಬೇಕಾದಷ್ಟು ಸಿಗುವುದನ್ನು ಬರೆದಿದ್ದಾನೆ. ಆದರೆ ವ್ಯಾಪಾರಿ ಉಳಿಯುವುದು ತನ್ನವರ ಕೇರಿಯಲ್ಲಿ, ಗೋದಾಮಿನ ಮಹಡಿಯಲ್ಲಿ. 1834ರಲ್ಲಿ ಬಂದ ಬಾಸೆಲ್ ಮಿಶನಿನವರಿಗೆ ಬಲ್ಮಠದ ತಮ್ಮ ಕಾಂಪೌಂಡ್ ಇತ್ತು. ಸರಕಾರಿ ಅಧಿಕಾರಿಗೆ ಬಂಗ್ಲೆ. ಘಟ್ಟದ ಮೇಲಿನ ಕಾಫಿ ಪ್ಲಾಂಟರಿಗೆ ಕ್ಲಬ್ಬು. ಕೋರ್ಟು ಕೆಲಸಕ್ಕೆ ಪುತ್ತೂರು, ಕಾಸರಗೋಡು ಕಡೆಯಿಂದ ಬಂದವರಿಗೆ ನೆಂಟರ ಮನೆ. ನೆಂಟರಿಲ್ಲದಿದ್ದರೆ ದೇವಸ್ಥಾನದ ಛತ್ರ.

ಉಡುಪಿಯಲ್ಲಂತೂ ಹೋಟೆಲಿನ ಕೆಲಸವನ್ನು ಮಠಗಳೇ ಮಾಡುತ್ತಿದ್ದವು. ರಥಬೀದಿಯ ಸುತ್ತ ಎಂಟು ಮಠ. ಎರಡು ವರ್ಷಕ್ಕೊಮ್ಮೆ ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಪಾಳಿ ಒಂದು ಮಠದಿಂದ ಇನ್ನೊಂದಕ್ಕೆ. ಕೃಷ್ಣಮಠದ ಅನ್ನಛತ್ರದಲ್ಲಿ ದಿನಾ ಸಾವಿರಾರು ಎಲೆ. ಬಂದವರಿಗೆ ಊಟ ಹಾಕುವುದು ಪುಣ್ಯ ಅಂತ ನಂಬಿದ ಊರಿನಲ್ಲಿ ಊಟಕ್ಕೆ ದುಡ್ಡು ತೆಗೆದುಕೊಳ್ಳುವ ಅಂಗಡಿ ಹಾಕುವುದೇ ಮೊದಲಿಗೆ ಕೊಂಚ ಸಂಕೋಚದ ವಿಷಯ. ಮಠದ ಊಟದಲ್ಲಿ ಯಾರಿಗೆ ಎಲ್ಲಿ ಎಲೆ ಎಂಬ ಜಗಳ ಬೇರೆ ಇದೆ, ಅದು ಪಂಕ್ತಿಭೇದದ ದೊಡ್ಡ ಕತೆ. ಅದು ಹೋಟೆಲಿಗೂ ಹೇಗೆ ನುಸುಳಿತು ಅಂತ ಮುಂದೆ ಹೇಳುತ್ತೇನೆ.

ಇಷ್ಟು ದೊಡ್ಡ ಪಾಕಶಾಲೆಗಳಿದ್ದ ಊರಿನಿಂದ ಅಡುಗೆಯವರು ಹೊರಗೆ ಹೋದದ್ದು ಯಾಕೆ? ಬಡತನ. ಗೇಣಿ ಜಮೀನು, ತುಂಡು ಗದ್ದೆ, ಮನೆ ತುಂಬ ಮಕ್ಕಳು. ಮೂರನೆಯ ಹುಡುಗನಿಗೆ, ನಾಲ್ಕನೆಯ ಹುಡುಗನಿಗೆ ಊರಿನಲ್ಲಿ ಅನ್ನ ಇಲ್ಲ. ಹತ್ತು ಹನ್ನೆರಡು ವರ್ಷಕ್ಕೇ ಯಾರೋ ಊರಿನವರ ಜೊತೆ ಬಸ್ಸು ಹತ್ತಿಸಿ ಕಳಿಸುವುದು. ಮೊದಲು ಕ್ಲೀನರ್, ಆಮೇಲೆ ಮಾಣಿ, ಆಮೇಲೆ ಭಟ್ಟರ ಕೈಕೆಳಗೆ, ಅದೃಷ್ಟ ಇದ್ದರೆ ಗಲ್ಲಾ. ಮುಂಬೈಯಲ್ಲಿ ಇಂಥ ಹುಡುಗರಿಗೆ ಅಂತಲೇ ಕನ್ನಡ ರಾತ್ರಿಶಾಲೆಗಳು ಇದ್ದವು. ಮುಂದೆ 1974ರ ಭೂಸುಧಾರಣೆ ಬಂದು ಜಮೀನು ಉಳುವವರ ಪಾಲಾದಾಗ ಗೇಣಿ ತಿನ್ನುತ್ತಿದ್ದ ಮನೆಗಳವರೂ ಇದೇ ದಾರಿ ಹಿಡಿದರು.

ಇಲ್ಲಿಗೆ ಬಂದಾಗ ನನಗೆ ಸೀಜರ್ ರಿಟ್ಸ್ ನೆನಪಾಗುತ್ತಾನೆ. ಪ್ಯಾರಿಸಿನ ರಿಟ್ಸ್ ಹೋಟೆಲನ್ನು 1898ರಲ್ಲಿ ತೆರೆದವನು. ದೊಡ್ಡ ಹೋಟೆಲ್ ಎಂದರೆ ಹೀಗಿರಬೇಕು ಅಂತ ಜಗತ್ತಿಗೆ ತೋರಿಸಿಕೊಟ್ಟವನು. ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಬೆಟ್ಟದ ಒಂದು ಬಡ ಹಳ್ಳಿಯಲ್ಲಿ, ರೈತನ ಮನೆಯ ಹದಿಮೂರನೆಯ ಮಗುವಾಗಿ. ಇವತ್ತು ಸ್ವಿಟ್ಜರ್ಲೆಂಡ್ ಅಂದರೆ ಬ್ಯಾಂಕು, ಗಡಿಯಾರ. ಆಗ ಅದು ಮಕ್ಕಳನ್ನು ಹೊರಗೆ ದುಡಿಯಲು ಕಳಿಸುವ ದೇಶ. ಆತ ಹತ್ತು ವರ್ಷ ಬೇಸಿಗೆಯಲ್ಲಿ ಲುಸರ್ನಿನ ಹೋಟೆಲ್, ಚಳಿಗಾಲದಲ್ಲಿ ಮಾಂಟೆ ಕಾರ್ಲೊದ ಹೋಟೆಲ್ ನೋಡಿಕೊಂಡ. ಗಿರಾಕಿಗಳು ಸೀಸನ್ ಹಿಡಿದು ಓಡಾಡುತ್ತಿದ್ದರು, ಅವರ ಹಿಂದೆ ಕೆಲಸದವರೂ ಓಡಾಡುತ್ತಿದ್ದರು. ನೀಸಿನ ಅತಿ ಪ್ರಸಿದ್ಧ ಹೋಟೆಲ್ ನೆಗ್ರೆಸ್ಕೊ 1913ರಲ್ಲಿ ಶುರುವಾಯಿತು. ಅದರ ಯಜಮಾನ ಹೆನ್ರಿ ನೆಗ್ರೆಸ್ಕೊ ಬುಖಾರೆಸ್ಟಿನಿಂದ ಬಂದ ಹುಡುಗ. ಹೋಟೆಲ್ ತೆರೆದ ಮರುವರ್ಷ ಯುದ್ಧ. ಸುಖಕ್ಕೆ ಮಾಡಿದ ಕೋಣೆಗಳಲ್ಲಿ ಗಾಯಾಳು ಸಿಪಾಯಿಗಳು ಮಲಗಿದರು, ಹೋಟೆಲ್ ಆಸ್ಪತ್ರೆಯಾಯಿತು. ಯಜಮಾನ ಸಾಲದಲ್ಲಿ ಮುಳುಗಿ 1920ರಲ್ಲಿ ತೀರಿಕೊಂಡ.

ಸೀಸನ್ನಿನ ಓಡಾಟದ ಬಗ್ಗೆ ಹೇಳಿದೆನಲ್ಲ, ಅದನ್ನು ನಾನು ಪುಸ್ತಕಕ್ಕಿಂತ ಮೊದಲು ಕೇಳಿದ್ದು ನಮ್ಮ ದೊಡ್ಡಪ್ಪನ ಬಾಯಲ್ಲಿ. ಬ್ರಹ್ಮಾವರದ ಹತ್ತಿರದ ಊರು. ಹುಡುಗರಿದ್ದಾಗ ಊಟಿಯ ಒಂದು ಹೋಟೆಲಿನಲ್ಲಿ ರೂಮ್‌ಬಾಯ್ ಆಗಿದ್ದರು. ಮುಂಭಾಗದ ಹೂದೋಟ, ಪಿಯಾನೋ ಇಟ್ಟ ಹಾಲು ಇದೆಲ್ಲ ಅವರಿಗೆ ಸರಿಯಾಗಿ ನೆನಪೇ ಇರಲಿಲ್ಲ. ನೆನಪಿದ್ದದ್ದು ಹಿತ್ತಿಲಿನ ಒಲೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಆಳೆತ್ತರದ ತಾಮ್ರದ ಹಂಡೆಗೆ ಬೆಂಕಿ ಹಾಕಬೇಕು. ನೀಲಗಿರಿ ಸೌದೆ, ಹಸಿಯಿದ್ದರೆ ಬರೀ ಹೊಗೆ. ಗೋಡೆಗೆ ಒಂದು ಕರಿ ಹಲಗೆ, ಅದರಲ್ಲಿ ಸೀಮೆಸುಣ್ಣದಿಂದ ರೂಮಿನ ನಂಬರು, ಪಕ್ಕದಲ್ಲಿ ಬಿಸಿನೀರು ಎಷ್ಟು ಗಂಟೆಗೆ, ಬೆಡ್ ಕಾಫಿ ಎಷ್ಟು ಗಂಟೆಗೆ. ಎರಡು ಕೈಯಲ್ಲಿ ಎರಡು ಬಾಲ್ದಿ ಹಿಡಿದು ಮರದ ಮೆಟ್ಟಿಲು ಹತ್ತುವಾಗ ಒಂದು ಹನಿ ಕೆಳಗೆ ಬೀಳಬಾರದು. ಮೆಟ್ಟಿಲಿಗೆ ಹಾಸಿದ್ದು ಕೆಂಪು ಜಮಖಾನೆ.

"ಸೀಸನ್ನಲ್ಲಿ ಕಾಲು ಅಂತ ಒಂದು ಇತ್ತು ಅನ್ನೋದೇ ಮರ್ತು ಹೋಗ್ತಿತ್ತು ಮಾರಾಯ" ಅನ್ನುತ್ತಿದ್ದರು.

ಅವರು ಹೇಳಿದ್ದರಲ್ಲಿ ನನಗೆ ಬಹಳ ಹಿಡಿಸಿದ್ದು ಲೆಕ್ಕಾಚಾರ. ಊಟಿಯ ಸೀಸನ್ ಏಪ್ರಿಲ್, ಮೇ. ಜೂನ್ ಮೊದಲ ವಾರ ಶಾಲೆ ಶುರುವಾಗುತ್ತದೆ, ಗಿರಾಕಿಗಳು ಬೆಟ್ಟ ಇಳಿಯುತ್ತಾರೆ, ಅರ್ಧಕ್ಕರ್ಧ ಹುಡುಗರನ್ನು ಯಜಮಾನರು ಊರಿಗೆ ಕಳಿಸಿಬಿಡುತ್ತಾರೆ. ಇತ್ತ ಊರಿನಲ್ಲಿ ಮಳೆ ಹಿಡಿದಿರುತ್ತದೆ, ಗದ್ದೆಗೆ ಕೈ ಬೇಕು. ದೊಡ್ಡಪ್ಪ ನೇಜಿ ನೆಡುವ ಹೊತ್ತಿಗೆ ಮನೆಯಲ್ಲಿ. ಕೊಯ್ಲು ಮುಗಿಸಿ ಮತ್ತೆ ಬೆಟ್ಟಕ್ಕೆ. ರಿಟ್ಸ್ ಲುಸರ್ನಿಗೂ ಮಾಂಟೆ ಕಾರ್ಲೊಗೂ ಓಡಾಡಿದ ಹಾಗೆಯೇ. ಒಬ್ಬನ ಹೆಸರಿನಲ್ಲಿ ಹೋಟೆಲ್ ಉಳಿಯಿತು, ಇನ್ನೊಬ್ಬರಿಗೆ ಸೊಂಟನೋವು ಉಳಿಯಿತು, ಅಷ್ಟೇ ವ್ಯತ್ಯಾಸ.

ಹೀಗೆ ಹೋದವರಲ್ಲಿ ಹೆಸರು ಮಾಡಿದವರೂ ಇದ್ದಾರೆ. ನನ್ನ ಮಟ್ಟಿಗೆ ಎಲ್ಲರಿಗಿಂತ ಕುತೂಹಲದವರು ಕಡಂದಲೆ ಕೃಷ್ಣರಾಯರು. 1898ರಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಉಡುಪಿಯ ಮಠದಲ್ಲಿ ಚಿಲ್ಲರೆ ಕೆಲಸ, ಆಮೇಲೆ ಮದರಾಸಿನ ಹೋಟೆಲಿನ ಅಡುಗೆಮನೆ. 1920ರ ದಶಕದಲ್ಲಿ ಮೌಂಟ್ ರೋಡಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸ ತೆರೆದರು. ಅಲ್ಲಿಗೆ ನಿಂತಿದ್ದರೆ ಎಲ್ಲ ಉಡುಪಿ ಹೋಟೆಲಿನವರ ಕತೆಯೇ ಆಗುತ್ತಿತ್ತು. ಆದರೆ 1938ರಲ್ಲಿ ಅವರು ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಎಂಬ ಬಂಗ್ಲೆಯನ್ನು ಬಾಡಿಗೆಗೆ ಹಿಡಿದರು. ರಾಮನಾಡಿನ ರಾಜಮನೆತನದ ಬಂಗ್ಲೆ. ಅದರಲ್ಲಿ ರೂಮು ಮಾಡಿ, ಕೆಳಗೆ ಸಸ್ಯಾಹಾರಿ ಊಟ ಇಟ್ಟರು.

ಇದು ಸಣ್ಣ ಮಾತಲ್ಲ. ಆ ಕಾಲದ ದೊಡ್ಡ ಹೋಟೆಲ್ ಅಂದರೆ ದೊರೆಗಳದ್ದು. ಚಮಚ, ಮುಳ್ಳುಚಮಚ, ಬಾರು, ಮಾಂಸ, ಕೋಟು. ಮಡಿಯಲ್ಲಿ ಇರುವ ಶ್ರೀಮಂತ ತಮಿಳು ಮನೆಯವರಿಗೆ, ಸಂಗೀತ ವಿದ್ವಾಂಸರಿಗೆ, ಮದುವೆ ದಿಬ್ಬಣಕ್ಕೆ ಅಂಥ ಕಡೆ ಜಾಗ ಇಲ್ಲ. ಛತ್ರದಲ್ಲಿ ಮಲಗುವ ಕಾಲವೂ ಮುಗಿದಿತ್ತು. ಚೊಕ್ಕ ಹಾಸಿಗೆ ಬೇಕು, ಬಾಳೆಎಲೆಯೂ ಬೇಕು ಅನ್ನುವವರು ಎಷ್ಟೋ ಜನ ಇದ್ದಾರೆ ಅಂತ ಗುರುತಿಸಿದವರು ರಾಯರು. 1952ರಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ಬಂತು. 1962ರಲ್ಲಿ ತೋಟದ ಮರಗಳ ನಡುವೆ ಕಾರಲ್ಲೇ ಕೂತು ತಿಂಡಿ ತಿನ್ನುವ ಡ್ರೈವ್ ಇನ್ ಬಂತು. 2008ರಲ್ಲಿ ಅದು ಮುಚ್ಚಿದಾಗ ಮದರಾಸಿನ ಜನ ಮನೆಯವರನ್ನೇ ಕಳಕೊಂಡ ಹಾಗೆ ಬರೆದುಕೊಂಡರು.

ರಾಯರಿಗೂ ಮೊದಲು ನಮ್ಮ ಜಿಲ್ಲೆಯ ಕೆ. ಸೀತಾರಾಮ ರಾಯರು 1921ರಲ್ಲಿ ಮೈಸೂರಿನಲ್ಲಿ ಹೋಟೆಲ್ ಶುರು ಮಾಡಿದ್ದರು. ಅದೇ ಮುಂದೆ ದಾಸಪ್ರಕಾಶ್ ಆಗಿ ಬೆಳೆದು ಮದರಾಸಿನ ಪೂನಮಲ್ಲಿ ರಸ್ತೆಯಲ್ಲಿ 1954ರಲ್ಲಿ ಒಂದು ಭರ್ಜರಿ ಕಟ್ಟಡವಾಯಿತು. ಊಟಿಯಲ್ಲೂ ದಾಸಪ್ರಕಾಶ್ ಇದೆ. ಅಂದರೆ ಸವಾಯ್ ಇದ್ದ ಊರಿಗೇ ಹೋಗಿ ನಮ್ಮವರು ನಮ್ಮ ರೀತಿಯ ದೊಡ್ಡ ಹೋಟೆಲ್ ಹಾಕಿದರು. ಲಾಬಿಯಲ್ಲಿ ಹುಲಿಯ ತಲೆ ಬದಲು ಕೃಷ್ಣನ ಮೂರ್ತಿ, ಬಾರಿನ ಬದಲು ಐಸ್‌ಕ್ರೀಮ್. ನನಗೆ ಇದರಲ್ಲಿ ಒಂದು ಬಗೆಯ ಹೆಮ್ಮೆ ಇದೆ, ಸುಮ್ನೆ ಯಾಕೆ ಸುಳ್ಳು ಹೇಳಲಿ.

ಹೆಮ್ಮೆಯ ಜೊತೆ ಒಂದು ಇರಿಸುಮುರಿಸೂ ಇದೆ. ಯುರೋಪಿಯನ್ನರ ಹೋಟೆಲುಗಳು ಕರಿಯರನ್ನು ಒಳಗೆ ಬಿಡುತ್ತಿರಲಿಲ್ಲ ಅಂತ ನಾವು ಹೇಳುತ್ತೇವೆ. ಜಮ್‌ಶೆಟ್‌ಜಿ ಟಾಟಾರನ್ನು ಮುಂಬೈಯ ವಾಟ್ಸನ್ಸ್ ಹೋಟೆಲ್ ಬಾಗಿಲಲ್ಲೇ ತಡೆದರು, ಅದೇ ಸಿಟ್ಟಿಗೆ ಅವರು 1903ರಲ್ಲಿ ತಾಜ್ ತೆರೆದರು ಎಂಬ ಕತೆ ಎಲ್ಲರಿಗೂ ಗೊತ್ತು. ಕತೆ ಚೆನ್ನಾಗಿದೆ, ಆದರೆ ಅದಕ್ಕೆ ಗಟ್ಟಿ ದಾಖಲೆ ಇಲ್ಲ ಅಂತ ಬಲ್ಲವರು ಹೇಳುತ್ತಾರೆ. ದಾಖಲೆ ಇರುವುದು ಇನ್ನೊಂದಕ್ಕೆ. ಮದರಾಸಿನ ಎಷ್ಟೋ ಹೋಟೆಲುಗಳಲ್ಲಿ ಬ್ರಾಹ್ಮಣರು ಕೂತು ತಿನ್ನುವ ಜಾಗ ಬೇರೆ ಇತ್ತು. ಹೆಸರಿನಲ್ಲೇ ಬ್ರಾಹ್ಮಣ ಎಂದು ಹಾಕಿಕೊಂಡಿದ್ದ ಒಂದು ಹೋಟೆಲಿನ ಮುಂದೆ ಪೆರಿಯಾರ್ ಕಡೆಯವರು 1957ರಲ್ಲಿ ತಿಂಗಳುಗಟ್ಟಲೆ ಚಳವಳಿ ಮಾಡಿದರು. ಬಾಳೆಎಲೆಯ ಜೊತೆಗೆ ಮಠದ ಪಂಕ್ತಿಯೂ ರೈಲು ಹತ್ತಿ ಹೋಗಿತ್ತು. ನಮ್ಮ ಹೋಟೆಲುಗಳ ಇತಿಹಾಸ ಬರೆಯುವವರು ಮಸಾಲೆದೋಸೆಯ ಬಗ್ಗೆ ಪುಟಗಟ್ಟಲೆ ಬರೆದು ಇದನ್ನು ಒಂದು ಸಾಲಿಗೆ ಮುಗಿಸುವುದು ನನಗೆ ಸರಿ ಕಾಣುವುದಿಲ್ಲ.

ಮಂಗಳೂರಿಗೆ ಕೊನೆಗೂ ದೊಡ್ಡ ಹೋಟೆಲ್ ಬಂದದ್ದು ಯಾವಾಗ? ಬರುವವರು ಬದಲಾದಾಗ. 1951ರ ಡಿಸೆಂಬರಿನಲ್ಲಿ ಬಜ್ಪೆಯಲ್ಲಿ ವಿಮಾನ ಇಳಿಯಿತು, ಮೊದಲ ವಿಮಾನದಲ್ಲಿ ಬಂದವರು ನೆಹರೂ. ನದಿಗಳಿಗೆ ಒಂದೊಂದಾಗಿ ಸೇತುವೆ ಬಂದು ಉಡುಪಿಗೆ ಹೋಗಲು ಕಡವಿನಲ್ಲಿ ದೋಣಿ ಕಾಯುವುದು ತಪ್ಪಿತು. 1960ರಲ್ಲಿ ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು, 1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು, ಆಮೇಲೆ ಗೊಬ್ಬರದ ಕಾರ್ಖಾನೆ, ಕುದುರೆಮುಖದ ಅದಿರು. ಇವಕ್ಕೆಲ್ಲ ಬಂದ ಇಂಜಿನಿಯರು, ಕಂಪೆನಿ ಸಾಹೇಬರು ಛತ್ರದಲ್ಲಿ ಮಲಗುವವರಲ್ಲ. ಅವರಿಗೆ ಎ.ಸಿ. ರೂಮು ಬೇಕು, ಸಂಜೆ ಬಾರು ಬೇಕು, ಬಿಲ್ಲು ಕಂಪೆನಿ ಹೆಸರಿಗೆ ಬೇಕು.

ಫಳ್ನೀರಿನ ಮೋತಿಮಹಲ್ ಬಂದದ್ದು 1960ರ ದಶಕದಲ್ಲಿ. ಹಳೇ ಬಂದರು ರಸ್ತೆಯ ಮಂಜರುನ್ ಆಮೇಲಿನದು. ಮಂಜರುನ್ ಎಷ್ಟು ಸಲ ಹೆಸರು ಬದಲಿಸಿತು ಅಂತ ಲೆಕ್ಕ ಇಡುವುದನ್ನು ನಾನು ಬಿಟ್ಟಿದ್ದೇನೆ. ವೆಲ್‌ಕಮ್‌ಗ್ರೂಪ್, ತಾಜ್, ಗೇಟ್‌ವೇ, ವಿವಾಂತ ಅಂತ ಬೋರ್ಡು ಬದಲಾದರೂ ರಿಕ್ಷಾದವರ ಬಾಯಲ್ಲಿ ಮಾತ್ರ ಅದು ಮಂಜರುನ್. ಮೋತಿಮಹಲ್ ನಮ್ಮ ಪೀಳಿಗೆಯವರಿಗೆ ಬೇರೆಯದೇ. ಅಲ್ಲಿ ರೂಮು ಹಿಡಿದು ಉಳಿದ ಮಂಗಳೂರಿಗರು ಎಷ್ಟು ಜನ ಇದ್ದಾರೋ, ಸ್ವಂತ ಮನೆ ಇರುವಾಗ ಯಾರು ಉಳಿಯುತ್ತಾರೆ. ಆದರೆ ಅಲ್ಲಿ ಮದುವೆ ರಿಸೆಪ್ಶನ್ನಿಗೆ ಹೋದವರು, ಈಜುಕೊಳದಲ್ಲಿ ಕೈಕಾಲು ಬಡಿದು ಈಜು ಕಲಿತವರು, ಮೊದಲ ಸಂಬಳದಲ್ಲಿ ಮನೆಯವರಿಗೆ ಐಸ್‌ಕ್ರೀಮ್ ತಿನ್ನಿಸಿದವರು ಊರು ತುಂಬ ಇದ್ದಾರೆ. 2025ರಲ್ಲಿ ಅದು ಬಾಗಿಲು ಮುಚ್ಚಿತು. ವಾಟ್ಸಾಪಿನಲ್ಲಿ ಒಂದು ವಾರ ಬರೀ ಅದೇ ಮಾತು. ಅರವತ್ತು ವರ್ಷ ತುಂಬದ ಹೋಟೆಲಿಗೆ ಇಷ್ಟು ಮರುಕ, ನೀಸಿನವರು ಕೇಳಿದರೆ ನಗುತ್ತಾರೇನೋ. ನಮಗೆ ಇದ್ದದ್ದೇ ಅಷ್ಟು.

ಇವತ್ತು ಮಂಗಳೂರಿನಲ್ಲಿ ರೂಮು ಹಿಡಿಯುವವರಲ್ಲಿ ದೊಡ್ಡ ಪಾಲು ಆಸ್ಪತ್ರೆಗೆ ಬಂದವರು. ಕಾಸರಗೋಡು, ಕಣ್ಣೂರು, ಘಟ್ಟದ ಮೇಲಿನ ಊರುಗಳಿಂದ ಬರುವ ರೋಗಿಯ ಕಡೆಯವರು. ಹಂಪನಕಟ್ಟೆ, ಕಂಕನಾಡಿಯ ಲಾಡ್ಜುಗಳಲ್ಲಿ ಬೆಳಿಗ್ಗೆ ಹೊತ್ತು ರಿಸೆಪ್ಶನ್ ಎದುರು ನಿಂತರೆ ಗೊತ್ತಾಗುತ್ತದೆ, ಅರ್ಧ ಜನರ ಕೈಯಲ್ಲಿ ಎಕ್ಸ್‌ರೇ ಕವರು, ಇನ್ನರ್ಧ ಜನರ ಕೈಯಲ್ಲಿ ಗಂಜಿಯ ಬುತ್ತಿ. ಮಣಿಪಾಲದಲ್ಲಿ ಇದಕ್ಕೆ ಕಾಲೇಜು ಮಕ್ಕಳ ಅಪ್ಪ ಅಮ್ಮನನ್ನು ಸೇರಿಸಿ. ಅಡ್ಮಿಶನ್ ಸಮಯದಲ್ಲಿ ಅಲ್ಲಿ ರೂಮು ಸಿಗುವುದು ಪರ್ಯಾಯದಲ್ಲಿ ಉಡುಪಿಯಲ್ಲಿ ರೂಮು ಸಿಕ್ಕಷ್ಟೇ ಕಷ್ಟ.

ಅದೇ ಮಣಿಪಾಲದಲ್ಲಿ 1980ರ ದಶಕದಿಂದ ಒಂದು ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜು ಇದೆ. ದೇಶದಲ್ಲೇ ಹೆಸರಾದದ್ದು. ಅಮೃತಸರದಿಂದ ಬಂದ ಬಾಣಸಿಗ ವಿಕಾಸ್ ಖನ್ನಾ ಕಲಿತದ್ದು ಅಲ್ಲೇ, ಆಮೇಲೆ ನ್ಯೂಯಾರ್ಕಿನಲ್ಲಿ ಹೆಸರು ಮಾಡಿದರು. ಮಡಿಕೆ ಬೀಳದ ಹಾಸಿಗೆ ಹೊದಿಕೆ ಹಾಸುವುದು, ಗ್ಲಾಸು ಎಲ್ಲಿಡಬೇಕು, ಗಿರಾಕಿ ರೇಗಿದಾಗ ಮುಖ ಹೇಗಿಡಬೇಕು ಎಲ್ಲ ಪಾಠ. ದೊಡ್ಡಪ್ಪ ಬಾಲ್ದಿ ಹೊತ್ತು ಕಲಿತದ್ದಕ್ಕೆ ಇಲ್ಲಿ ಫೀಸು ಕೊಡಬೇಕು. ಕಲಿತವರು ದುಬೈಗೆ, ಹಡಗಿಗೆ, ಯುರೋಪಿಗೆ ಹೋಗುತ್ತಾರೆ.

ಇಲ್ಲಿನ ಹೋಟೆಲುಗಳಲ್ಲಿ ಕೆಲಸಕ್ಕೆ ಜನ ಸಿಗುವುದಿಲ್ಲ ಅಂತ ಯಜಮಾನರ ಗೋಳು. ಸಿಗುವವರು ಅಸ್ಸಾಮಿನವರು, ಒಡಿಶಾದವರು, ನೇಪಾಳದವರು. ನಾನು ಕಾಫಿಗೆ ಹೋಗುವ ಕಡೆ ಅಸ್ಸಾಮಿನ ಒಬ್ಬ ಹುಡುಗ ಇದ್ದಾನೆ. ಕನ್ನಡಕ್ಕಿಂತ ಮೊದಲು ತುಳು ಕಲಿತ. "ದಾನೆ ಬೋಡು ಅಣ್ಣಾ", ಏನು ಬೇಕು ಅಣ್ಣಾ, ಅಂತ ಟೇಬಲ್ ಒರೆಸುತ್ತಾ ಕೇಳುತ್ತಾನೆ. ಊರಿನಲ್ಲಿ ಭತ್ತದ ಗದ್ದೆ ಇದೆಯಂತೆ, ಅಣ್ಣತಮ್ಮಂದಿರು ನಾಲ್ವರಂತೆ. ಮಳೆಗಾಲ ಶುರುವಾಗುವ ಹೊತ್ತಿಗೆ ನಾಟಿಗೆ ಅಂತ ರಜೆ ಕೇಳಿದನಂತೆ, ಯಜಮಾನರು ಒಂದು ವಾರ ಕೊಡುತ್ತೇನೆ ಅಂದರಂತೆ. ಅವನ ಊರಿಗೆ ಹೋಗಿಬರಲಿಕ್ಕೇ ಒಂದು ವಾರ ಬೇಕು. ಇನ್ನೂ ಚೌಕಾಶಿ ನಡೆದಿದೆ.